ಕೌದಿ ಹೊದ್ದ ಕಾರು

ಸತ್ಯಮೂರ್ತಿಯವರ ತೋರುಬೆರಳು ನಮ್ಮ ಕಾರಿನ ಬಾಗಿಲಿನೊಳಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಅವರೇ ಚುಚ್ಚಿದ್ದು. "ಇಲ್ಲಿ ಬಣ್ಣ ಯಾಕೋ ಉಬ್ಬಿದೆಯಲ್ಲ" ಎಂದು ಒತ್ತಿ ನೋಡಿದರು. ಬಣ್ಣದ ಹಿಂದೆ ತಗಡು ಇರಲಿಲ್ಲ. ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯನ್ನು ನನ್ನ ಗಂಡ ಹಿಂದಿನ ದಿನ ತೂತಿಗೆ ತುಂಬಿ, ಮೇಲೆ ಕಪ್ಪು ಬಳಿದಿದ್ದರು. ಪುಟ್ಟಿ ಒಳಗೆ ಬಿತ್ತು, ಅದರ ಹಿಂದೆಯೇ ಬೆರಳೂ ಹೋಯಿತು. ಎಳೆದುಕೊಂಡಾಗ ತುದಿಯಲ್ಲಿ ತುಕ್ಕೂ ಇತ್ತು, ರಕ್ತವೂ ಇತ್ತು. ಕಾರ್ಖಾನೆಯ ವೆಲ್‌ಫೇರ್ ಆಫೀಸರು ಗೇಟಿನ ಮುಂದೆ ಬೆರಳು ಬಾಯಿಗಿಟ್ಟುಕೊಂಡು ನಿಂತದ್ದನ್ನು ಕಂಡು ನನಗೆ ನಗು ಬಂತು. ನಗಬಾರದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಬರುವ ನಗುವನ್ನು ನಾನೇನು ಸೆರಗಿನಲ್ಲಿ ಕಟ್ಟಿಕೊಳ್ಳಲೇ?

"ನೋಡಮ್ಮ," ಎಂದರು ಸತ್ಯಮೂರ್ತಿ. ಮೈಸೂರಿನವರು, ಸಿಟ್ಟು ಬಂದರೂ ಮಾತು ಮೆತ್ತಗೆ. "ಈ ಗುಜರಿಯಲ್ಲಿ ನಮ್ಮ ಕೆಲಸಗಾರರಿಗೆ ಊಟ ತರ್ತೀರಿ. ತುಕ್ಕು ಉದುರಿ ಅನ್ನದಲ್ಲಿ ಬಿದ್ರೆ ಯಾರು ಹೊಣೆ? ಮುಂದಿನ ಸೋಮವಾರ ನಾನೇ ನಿಂತು ನೋಡ್ತೀನಿ. ಒಂದು ಚೂರು ತುಕ್ಕು ಕಂಡ್ರೂ ಈ ಗಾಡಿ ಗೇಟಿನೊಳಗೆ ಬರಕೂಡದು. ಊಟ ಕೊಡೋಕೆ ಕ್ಯಾಂಟೀನಿನವರು ಕಾಯ್ತಾ ಇದಾರೆ."

"ಅನ್ನ ಅಲ್ರಿ, ರೊಟ್ಟಿ," ಎಂದೆ.

"ಏನೋ ಒಂದು," ಎಂದು ಅವರು ಒಳಗೆ ಹೋದರು.

ಆ 'ಏನೋ ಒಂದು' ನನ್ನ ಎದೆಗೆ ನಾಟಿತು. ಬೆಳಕು ಹರಿಯುವ ಮೊದಲೇ ಎದ್ದು, ಮುಂಬಯಿಯ ಆಂಟಾಪ್ ಹಿಲ್ಲಿನ ಚಾಳಿನ ಒಂದೇ ಕೋಣೆಯಲ್ಲಿ ನಾನೂ ನನ್ನ ಅತ್ತೆ ಬಸಲಿಂಗವ್ವನೂ ಎದುರುಬದುರು ಕೂತು ಬಡಿಯುವ ಜೋಳದ ರೊಟ್ಟಿ ಅದು. ವಿಕ್ರೋಳಿಯಲ್ಲಿ ನಟ್ಟು-ಬೋಲ್ಟು ಮಾಡುವ ಆ ಕಾರ್ಖಾನೆಯಲ್ಲಿ ನಮ್ಮ ವಿಜಾಪುರದ ಕಡೆಯ ಗಂಡಸರು ಬಹಳ ಜನ. ಕ್ಯಾಂಟೀನಿನ ನೀರುಸಾರಿನಲ್ಲಿ ಹೊಟ್ಟೆ ತುಂಬದೆ ಅವರೇ ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ನನ್ನ ಗಂಡ ಕಾರಿನ ಹಿಂದಿನ ಸೀಟು ಕಿತ್ತೆಸೆದು ಅಲ್ಲಿ ರೊಟ್ಟಿಯ ಬುಟ್ಟಿ, ಎಣ್ಣೆಗಾಯಿಯ ಪಾತ್ರೆ, ಚಟ್ನಿಯ ಡಬ್ಬಿ ಜೋಡಿಸುತ್ತಿದ್ದರು. ನಮ್ಮ ಖಾನಾವಳಿಗೆ ಗೋಡೆ ಇರಲಿಲ್ಲ, ನಾಲ್ಕು ಗಾಲಿ ಇದ್ದವು.

ಕಾರು ಹಳೆಯ ಆಸ್ಟಿನ್, ಯುದ್ಧಕ್ಕಿಂತ ಮುಂಚಿನದು. ಮಲಾಡಿನಲ್ಲಿ ಸಮುದ್ರದ ಹತ್ತಿರ ಇದ್ದ ಒಬ್ಬ ಪಾರ್ಸಿಯಿಂದ ಕೊಂಡದ್ದು. ಉಪ್ಪುಗಾಳಿ ತಿಂದು ಉಳಿಸಿದ್ದನ್ನು ಆತ ನಮಗೆ ಮಾರಿದ. ಉಳಿದದ್ದನ್ನು ತಿನ್ನಲು ನಮ್ಮ ಚಾಳಿನ ಕೆಳಗೇ ಉಪ್ಪಿನ ಗದ್ದೆಗಳಿದ್ದವು. ಎಂಜಿನ್ ಮಾತ್ರ ಗಟ್ಟಿ. ಬಾಗಿಲುಗಳ ಕೆಳಭಾಗ, ಗಾಲಿಗಳ ಮೇಲಿನ ಕಮಾನು, ಹಿಂದಿನ ನೆಲ, ಎಲ್ಲ ಹಪ್ಪಳದ ಹಾಗಾಗಿದ್ದವು. ಬುಟ್ಟಿ ಎತ್ತಿದರೆ ಓಡುವ ರಸ್ತೆ ಕಾಣುತ್ತಿತ್ತು.

ಗೇಟು ಮುಚ್ಚಿದರೆ ನಮಗೆ ಮುಂಬಯಿಯೇ ಮುಚ್ಚಿದ ಹಾಗೆ. ಇದ್ದಬದ್ದದ್ದೆಲ್ಲ ಆ ಕಾರಿಗೆ ಸುರಿದಿದ್ದೆವು. ಮುದ್ದೇಬಿಹಾಳದಲ್ಲಿ ಭಾವನ ಮನೆಯಿತ್ತು. ಅಲ್ಲಿ ನನ್ನ ಗಂಡ ಅಣ್ಣನ ಮುಂದೆ ತಲೆ ಎತ್ತಿ ಕೂತದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ, ನಾನು ಆ ಮನೆಯಲ್ಲಿ ಹೊಟ್ಟೆತುಂಬ ನಕ್ಕದ್ದೂ ಇಲ್ಲ. ಸತ್ತರೂ ಅಲ್ಲಿಗೆ ವಾಪಸ್ಸು ಹೋಗುವುದಿಲ್ಲ ಎಂದು ನಾನು ರೈಲು ಹತ್ತಿದ ದಿನವೇ ನಿಶ್ಚಯಿಸಿದ್ದೆ.

ಮನೆಗೆ ಬಂದ ಮೇಲೆ ನನ್ನ ಗಂಡ ಗೋಡೆಗೆ ಒರಗಿ ಕೂತರು. ಅವರು ಸಿಟ್ಟಿಗೇಳುವವರಲ್ಲ, ಕುಗ್ಗುವವರು. ಸಾಯನ್ನಿನ ಗ್ಯಾರೇಜಿನವನು ಕಾರನ್ನು ಒಮ್ಮೆ ಸುತ್ತಿ ಬಂದು, ಇದಕ್ಕೆ ಹೊಸ ಬಾಡಿಯೇ ಕಟ್ಟಬೇಕು, ಅದಕ್ಕಿಂತ ಕುರ್ಲಾದ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ತೂಕಕ್ಕೆ ಹಾಕಿ ಎಂದಿದ್ದ.

"ಈ ಸಲ ಪುಟ್ಟಿ ದಪ್ಪಗ ಹಾಕತೀನಿ," ಎಂದರು.

"ಹಾಕ್ರಿ. ಈ ಸಲ ಸಾಹೇಬ್ರ ಇಡೀ ಕೈ ಒಳಗ ಹೋಗ್ಲಿ," ಎಂದೆ.

ಅತ್ತೆ ಹೊಸ್ತಿಲ ಹತ್ತಿರ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಹೊದಿಕೆ ಇಲ್ಲದೆ ನಮ್ಮ ಕಡೆಯ ಯಾವ ಮನೆಯಲ್ಲೂ ಯಾರೂ ಮಲಗುವುದಿಲ್ಲ. ಆಕೆ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು:

"ಹರಕಿನ ಮ್ಯಾಲ ತೇಪಿ ಹಚ್ಚಿದರ ಹರಕನ್ನೂ ಕರಕೊಂಡ ಬೀಳತೈತಿ. ಗಟ್ಟಿ ಅರಬಿ ಸಿಗೂತನಕಾ ಕತ್ತರಿಸಿ ಒಗೀಬೇಕು. ಆಮ್ಯಾಲ ಗಟ್ಟಿ ಇದ್ದಲ್ಲಿ ಸೂಜಿ ಹಾಕಬೇಕು. ನಿನ್ನ ಗಂಡಗ ಯಾರೂ ಹೇಳಿಲ್ಲೇನು?"

"ಅದು ಕಾರು, ಯವ್ವಾ," ಎಂದರು ನನ್ನ ಗಂಡ.

"ಹರಕು ಹರಕ ಅಲ್ಲೇನೋ ಸಿದ್ದಲಿಂಗಾ?"

ನನಗೂ ಅತ್ತೆಗೂ ಹಾವು ಮುಂಗುಸಿಯ ಸಂಬಂಧ. ಹಿಟ್ಟಿಗೆ ನೀರು ಎಷ್ಟು ಎನ್ನುವುದರಿಂದ ಹಿಡಿದು ದೀಪ ಯಾವಾಗ ಆರಿಸಬೇಕು ಎನ್ನುವವರೆಗೆ ಜಗಳ. ಆದರೆ ಆ ಮಾತು ಕೇಳಿ ನಾನು ಆಕೆಯ ಕೈಯಿಂದ ಸೂಜಿ ಕಸಿದುಕೊಂಡು, "ಅತ್ತಿ, ಏಳ್ರಿ ಕೆಳಗ," ಎಂದೆ.

ಅತ್ತೆ ಸೌಟು ಹಿಡಿದು ಕಾರಿನ ಸುತ್ತ ಬಡಿಯುತ್ತ ಹೋದಳು. ಠಣ್ ಎಂದರೆ ಬಿಟ್ಟಳು. ದಬ್ ಎಂದ ಕಡೆ ನಾನು ಸುಣ್ಣದಿಂದ ಗೆರೆ ಎಳೆದೆ. ಸುತ್ತು ಮುಗಿದಾಗ ಅರ್ಧ ಕಾರು ಬೆಳ್ಳಗಾಗಿತ್ತು. ನನ್ನ ಗಂಡ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕೂತರು. ಚಾಳಿನ ಗ್ಯಾಲರಿಯ ತುಂಬ ಹೆಂಗಸರು. ಪಕ್ಕದ ಕೋಣೆಯ ಚಂಪಾ, ಬೆಳಗಾವಿಯವಳು, ಮೇಲಿನಿಂದಲೇ ಮರಾಠಿ ಬೆರೆಸಿ ಕೂಗಿದಳು: "ಕಾಯ್ ಶರಣಕ್ಕಾ, ಕಾರಿಗೆ ಲಗ್ನ ಮಾಡಾಕ ಹತ್ತೀಯೇನ? ಸುಣ್ಣಾ ಹಚ್ಚೀದಿ, ಅರಿಷಿಣ ಯಾವಾಗ?"

"ಅರಿಷಿಣ ಅರದು ತಾ ಕೆಳಗ. ಬಾಯಿ ಒಂದ ದುಡಸಬ್ಯಾಡ," ಎಂದೆ. ಆಕೆ ಅರಿಷಿಣ ತರಲಿಲ್ಲ, ತನ್ನ ಮನೆಯ ಖಾಲಿ ಎಣ್ಣೆಡಬ್ಬಿ ತಂದುಕೊಟ್ಟಳು.

ಗೆರೆ ಎಳೆದದ್ದನ್ನೆಲ್ಲ ಕತ್ತರಿಸಿ ತೆಗೆದೆವು. ಟ್ರಂಕು ಮಾಡುವ ಒಬ್ಬನಿಂದ ತಗಡು ಕತ್ತರಿಸುವ ಪತ್ರಾ ಕತ್ತರಿಯನ್ನು ಬೇಡಿ ತಂದಿದ್ದೆವು. ಬಿಸಿ ರೊಟ್ಟಿಯ ಆಸೆಗೆ ಅವನು ಒಂದು ಹಿಡಿ ಸಣ್ಣ ರಿವಿಟ್ಟುಗಳನ್ನೂ ಕೊಟ್ಟ. ತುಕ್ಕಿನ ತುಣುಕುಗಳು ಅಂಗಳದ ತುಂಬ ಉದುರಿದವು. ಒಳ್ಳೆಯ ತಗಡಿಗೂ ಅಲ್ಲಲ್ಲಿ ತುಕ್ಕಿನ ಬೂದಿ ಹಿಡಿದಿತ್ತು. ಅದನ್ನು ಇಟ್ಟಿಗೆಯ ಚೂರಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಮತ್ತೆ ಉಜ್ಜಿದೆ. ಜನ್ಮವೆಲ್ಲ ಹಂಚಿನ ತಳ ತಿಕ್ಕಿದವಳಿಗೆ ಅದೇನು ಹೊಸದಲ್ಲ. ಹೊಸದೆಂದರೆ, ಈ ಸಲ ತಿಕ್ಕುವಾಗ ಪ್ರತಿಯೊಂದು ಎಳೆತಕ್ಕೂ ಮನಸ್ಸಿನಲ್ಲಿ 'ಏನೋ ಒಂದು, ಏನೋ ಒಂದು' ಎನ್ನುತ್ತಿದ್ದೆ.

ಚಂಪಾ ಕೊಟ್ಟದ್ದು, ನಮ್ಮ ಮನೆಯವು, ಎಲ್ಲ ಎಣ್ಣೆಡಬ್ಬಿಗಳನ್ನು ಬಿಚ್ಚಿ ಚಪ್ಪಟೆ ಮಾಡಿದರೆ ಒಳ್ಳೆಯ ತಗಡು. ತೂತಿಗಿಂತ ನಾಲ್ಕು ಬೆರಳು ದೊಡ್ಡದಾಗಿ ಕತ್ತರಿಸಿ, ಕೌದಿಯ ತುಂಡಿನ ಹಾಗೆ ಅಂಚನ್ನು ಒಳಗೆ ಮಡಚಿ, ಗಟ್ಟಿ ತಗಡಿನ ಮೇಲೆ ಕೂರಿಸಿ ರಿವಿಟ್ಟು ಹೊಡೆದೆವು. ಹೊರಗಿನಿಂದ ನಾನು ಸುತ್ತಿಗೆ ಹಿಡಿದೆ. ಕುಗ್ಗಿ ಕೂತಿದ್ದ ನನ್ನ ಗಂಡನಿಗೆ ಅದ್ಯಾವಾಗ ಹುರುಪು ಬಂತೋ ಗೊತ್ತಿಲ್ಲ, ನೋಡಿದರೆ ಕಾರಿನೊಳಗೆ ಅಂಗಾತ ಮಲಗಿ, ನಾನು ಹೊಡೆಯುವ ಪ್ರತಿ ರಿವಿಟ್ಟಿಗೂ ಒಳಗಿನಿಂದ ತಕ್ಕಡಿಯ ಕಲ್ಲು ಒತ್ತಿ ಹಿಡಿಯುತ್ತಿದ್ದಾರೆ. "ಹೂಂ, ಹೊಡಿ ಶರಣಾ, ಇನ್ನೊಂದು ಹೊಡಿ" ಎಂದು ಒಳಗಿನಿಂದ ಕೂಗುತ್ತಿದ್ದರು. ಮದುವೆಯಾದ ಮೇಲೆ ಅವರು ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

ಬಣ್ಣದಂಗಡಿಯವನು ತುಕ್ಕು ಮತ್ತೆ ಬರದ ಹಾಗೆ ಮೊದಲು ಇದನ್ನು ಬಳಿಯಬೇಕು ಎಂದು ತೋರಿಸಿದ್ದನ್ನು ನೋಡಿದರೆ, ಅದು ಅಗಸಿ ಎಣ್ಣೆಯಲ್ಲಿ ಕಲಸಿದ ಶೇಂದೂರ. ಊರಲ್ಲಿ ಹನುಮಪ್ಪನ ಮೈಗೆ ಬಳಿಯುವ ಅದೇ ಕಿತ್ತಳೆ ಪುಡಿ. ಬೆಲೆ ಹೆಚ್ಚಿನ ಅವನ ಡಬ್ಬಿಯನ್ನು ಅಲ್ಲೇ ಬಿಟ್ಟು, ಪೂಜೆ ಸಾಮಾನಿನ ಅಂಗಡಿಯಿಂದ ಶೇಂದೂರ ತಂದು, ಕುದಿಸಿದ ಅಗಸಿ ಎಣ್ಣೆಯಲ್ಲಿ ಕಲಸಿ ತೇಪೆಗಳ ಒಳಗೂ ಹೊರಗೂ ಬಳಿದೆವು. ಅದರ ಮೇಲೆ ಕಪ್ಪು ಬಳಿಯುವ ಶಕ್ತಿ ನಮಗೆ ಉಳಿದಿರಲಿಲ್ಲ. ಹಾಗಾಗಿ ಕರಿ ಕಾರಿನ ಮೈತುಂಬ ಕಿತ್ತಳೆ ಚೌಕಗಳು ಎದ್ದು ಕಂಡವು. ದೂರದಿಂದ ನೋಡಿದರೆ ಕಾರು ಕೌದಿ ಹೊದ್ದು ಮಲಗಿತ್ತು.

ಕೊನೆಯ ತೇಪೆ ಎಡಬದಿಯ ಹಿಂದಿನ ಬಾಗಿಲಿನ ಕೆಳಗೆ. ಅದರ ಮೂಲೆಯ ರಿವಿಟ್ಟು ಹೊಡೆಯಬೇಕು ಎನ್ನುವಾಗ ಅತ್ತೆ ನನ್ನ ಕೈ ಹಿಡಿದಳು.

"ತಡಿ. ಮೂಲಿ ಮುಚ್ಚಬ್ಯಾಡ. ಉಣಸೂದೈತಿ."

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ರೊಟ್ಟಿಯ ತುಂಡು ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ. ಮನೆಮಂದಿಯನ್ನು ವರ್ಷಗಟ್ಟಲೆ ಬೆಚ್ಚಗಿಡುವ ವಸ್ತು ಹಸಿದ ಹೊಟ್ಟೆಯಲ್ಲಿ ಕೆಲಸ ಶುರುಮಾಡಬಾರದು ಎಂದು ಅತ್ತೆಯ ನಂಬಿಕೆ.

"ಇದು ಕಾರ್ರಿ, ಅತ್ತಿ!" ಎಂದು ನಾನು ನಕ್ಕೆ.

"ಕಾರಿಗೆ ಹೊಟ್ಟಿ ಇಲ್ಲೇನು? ದಿನಾ ನಮ್ಮ ರೊಟ್ಟಿ ಹೊತಗೊಂಡು ಹೋಕ್ಕೈತಿ. ಇಷ್ಟು ದಿನದಾಗ ಒಂದರ ತುಂಡು ತಿಂದೈತೇನು?"

ಅತ್ತೆ ರೊಟ್ಟಿಯ ತುಂಡಿಗೆ ಬೆಲ್ಲ ಮೆತ್ತಿ, ಮೇಲೆ ಒಂದು ತೊಟ್ಟು ತುಪ್ಪ ಬಿಟ್ಟು, ತಗಡಿನ ಸಂದಿನಲ್ಲಿ ತುರುಕಿದಳು. ನಾನು ರಿವಿಟ್ಟು ಹೊಡೆದೆ.

ಸೋಮವಾರ ಅತ್ತೆಯೂ ನಮ್ಮ ಜೊತೆ ಹೊರಟಳು. ತಾನು ಹೊಲಿದದ್ದನ್ನು ದೊಡ್ಡ ಸಾಹೇಬರು ಹೇಗೆ ನೋಡುತ್ತಾರೆ ಎಂದು ತಾನೂ ನೋಡಬೇಕಂತೆ. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು ಕೂತಳು. ನಾನು ಹಿಂದೆ, ಬುಟ್ಟಿಗಳ ನಡುವೆ. ಆಗ್ರಾ ರೋಡಿನ ಹೊಂಡಗಳಲ್ಲಿ ಕಾರು ಎದ್ದು ಬಿದ್ದರೂ ಒಂದು ತೇಪೆಯೂ ಅಲುಗಲಿಲ್ಲ. ಕುರ್ಲಾ ದಾಟುವಾಗ ಜನ ನಿಂತು ನೋಡಿದರು, ಕೆಲವರು ಹಲ್ಲು ಕಿಸಿದರು. ನನ್ನ ಗಂಡ ತಲೆ ತಗ್ಗಿಸಲಿಲ್ಲ, ಹಾರ್ನ್ ಹೊಡೆದರು.

ಸತ್ಯಮೂರ್ತಿ ಈ ಸಲ ಬೆರಳು ತರಲಿಲ್ಲ, ಪೆನ್ಸಿಲ್ ತಂದಿದ್ದರು. ಪ್ರತಿಯೊಂದು ಚೌಕವನ್ನೂ ಕುಕ್ಕಿದರು. ಬಾಗಿಲನ್ನು ತೆರೆದು ಬಡಿದರು. ಪ್ಯಾಂಟಿನ ಇಸ್ತ್ರಿ ಕೆಡದ ಹಾಗೆ ಕುಕ್ಕರಗಾಲಲ್ಲಿ ಕೂತು ಅಡಿಯನ್ನೂ ನೋಡಿದರು. ಪೆನ್ಸಿಲಿನ ಮೊನೆ ಮುರಿಯಿತು. ತುಕ್ಕು ಎಲ್ಲಿಯೂ ಸಿಗಲಿಲ್ಲ. ನನ್ನ ಗಂಡನ ಮುಖ ಅರಳಿದ್ದನ್ನು ನಾನು ಕಂಡೆ, ಮರುಗಳಿಗೆ ಅದು ಬಾಡಿದ್ದನ್ನೂ ಕಂಡೆ.

"ಇದೇನಮ್ಮ ಇದು?"

ಎಡಬದಿಯ ಹಿಂದಿನ ಬಾಗಿಲಿನ ಕೆಳಗೆ, ತೇಪೆಯ ಅಂಚಿನಿಂದ ಕೆಂಪಿರುವೆಗಳ ಸಾಲು ಹೊರಟಿತ್ತು. ಬಾಗಿಲ ಸಂದಿನಿಂದ ಒಳಗೆ ಹೋಗಿ ರೊಟ್ಟಿಬುಟ್ಟಿಯ ಬಟ್ಟೆಯವರೆಗೂ ಮುಟ್ಟಿತ್ತು. ಬೆಲ್ಲ! ನಾನು ನಾಲಿಗೆ ಕಚ್ಚಿಕೊಂಡೆ. ಏನಾದರೂ ಹೇಳಿ ಮುಚ್ಚಿಹಾಕಬೇಕು ಎನ್ನುವಷ್ಟರಲ್ಲಿ ಅತ್ತೆ ಸಮಾಧಾನದಿಂದ ಹೇಳಿಬಿಟ್ಟಳು: "ಕಾರಿಗೆ ಉಣಸಿದ್ನ್ಯೋ ಯಪ್ಪಾ. ರೊಟ್ಟಿ ಬೆಲ್ಲ."

ಅವರಿಗೆ ತಿಳಿಯಲಿಲ್ಲ. ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಗದದ ಮೇಲೆ ನಾವೂ ಅವರೂ ಒಂದೇ ನಾಡಿನವರು, ಕಿವಿಗೆ ಮಾತ್ರ ಇನ್ನೂ ಬೇರೆ. ನಾನು ಅವರ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ತಿಳಿದಾಗ ಅವರು ಜೋರಾಗಿ ನಕ್ಕರು.

"ಕಾರಿಗೆ ಊಟ! ತುಕ್ಕು ತೆಗೀರಿ ಅಂದ್ರೆ ಇರುವೆ ಸಾಕಿದೀರಲ್ಲಪ್ಪ. ಆಯ್ತು, ಸಾಕು. ತುಕ್ಕಾದ್ರೇನು ಇರುವೆ ಆದ್ರೇನು, ಕೊಳಕು ಕೊಳಕೇ. ಗಾಡಿ ತಿರುಗಿಸಿ. ಊರಿಗೆ ಹೋಗಿ ಎತ್ತಿಗೆ ಉಣಿಸಿಕೊಂಡಿರಿ ಅಜ್ಜಿ, ಇದು ಕಾರ್ಖಾನೆ."

ಅತ್ತೆಯ ಮುಖ ಸಣ್ಣದಾಯಿತು. ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. ಆಕೆಯ ಜೊತೆ ಜಗಳ ಆಡುವುದು ನನ್ನ ಹಕ್ಕು, ಬೇರೆ ಯಾರದೂ ಅಲ್ಲ. ನನ್ನ ಮೈ ಉರಿದುಹೋಯಿತು. ಕೆಳಗಿಳಿದು, ಸೀಮೆಎಣ್ಣೆಯ ಬಟ್ಟೆಯಿಂದ ಇರುವೆಯ ಸಾಲನ್ನು ಒರೆಸಿ ಹಾಕಿ, ಬುಟ್ಟಿಯ ಬಟ್ಟೆ ಕಿತ್ತೆಸೆದು, ಅದರ ಕೆಳಗಿನ ಮುಚ್ಚಳ ತೆಗೆದು ಬುಟ್ಟಿಯನ್ನು ಅವರ ಮೂಗಿನ ಮುಂದೆ ಹಿಡಿದೆ. ಒಳಗೆ ಒಂದು ಇರುವೆಯೂ ಇರಲಿಲ್ಲ.

"ನೋಡ್ರಿ ಸಾಹೇಬ್ರ, ಕಣ್ಣ ತೆರದ ನೋಡ್ರಿ. ತಪ್ಪ ಆಗೇತಿ, ಬೆಲ್ಲಾ ಹಚ್ಚಬಾರದಿತ್ತು. ಆದರ ನಮ್ಮತ್ತಿ ಕಾರಿಗೂ ಉಣ್ಣಾಕ ಹಾಕಿದಾಕಿ. ನಿಮ್ಮ ಕ್ಯಾಂಟೀನಿನ್ಯಾಗ ಮನಶ್ಯಾರಿಗರ ಹೊಟ್ಟಿತುಂಬ ಹಾಕ್ತೀರೇನು?"

ಅವರು ಬುಟ್ಟಿಯನ್ನು ನೋಡಲಿಲ್ಲ. "ಗೇಟು ಕಂಪನಿಯದು. ಒಳಗೆ ಬಿಡೋಲ್ಲ ಅಂದ್ರೆ ಬಿಡೋಲ್ಲ," ಎಂದರು. ಗೇಟಿನ ಗೂರ್ಖಾನಿಗೆ ಕೈಮಾಡಿ ತೋರಿಸಿದರು.

ನನ್ನ ಗಂಡ ಗೇರ್ ಹಾಕಿ ಕಾರನ್ನು ಹಿಂದಕ್ಕೆ ತೆಗೆದರು. ಮನೆಯ ಕಡೆ ತಿರುಗಿಸಲು ಹೊರಟವರನ್ನು ನಾನು ತಡೆದೆ.

"ಗೇಟ್ ಕಂಪನೀದು. ರಸ್ತಾ ಯಾರಪ್ಪಂದರಿ? ಅಲ್ಲೇ ನಿಲ್ಲಸ್ರಿ, ಎದುರಿಗೆ."

"ಊಟದ ಹೊತ್ತಿನ್ಯಾಗ ಪಾಸಿಲ್ಲದ ಅವರನ್ನ ಹೊರಗ ಬಿಡೂದಿಲ್ಲ ಶರಣಾ. ಯಾರು ಬರ್ತಾರ?"

"ಬರಲಿಲ್ಲಂದರ ನಾಳೆ ಗಂಟು ಕಟ್ಟೂಣು. ಇವತ್ತ ನಿಲ್ಲಸ್ರಿ."

ಅವರು ಗೇಟಿಗೆ ಸರಿಯಾಗಿ ಎದುರು, ರಸ್ತೆಯ ಬದಿಗೆ ಕಾರು ನಿಲ್ಲಿಸಿದರು. ನಾನು ಎಲ್ಲ ಬಾಗಿಲು ತೆರೆದು, ಎಣ್ಣೆಗಾಯಿಯ ಪಾತ್ರೆಯ ಮುಚ್ಚಳ ಸರಿಸಿದೆ. ಸೈರನ್ ಆಯಿತು. ಒಳಗಿನ ಅಂಗಳಕ್ಕೆ ಕೆಲಸಗಾರರು ಬಂದು, ಎಂದಿನ ಜಾಗದಲ್ಲಿ ನಮ್ಮ ಕಾರು ಕಾಣದೆ ಅತ್ತಿತ್ತ ನೋಡಿದರು. ಆಮೇಲೆ ಸರಳುಗಳಾಚೆ, ರಸ್ತೆಯಲ್ಲಿ ಕಿತ್ತಳೆ ತೇಪೆಯ ಕಾರು ಕಂಡಿತು. ಯಾರೂ ಅಲುಗಲಿಲ್ಲ. ಗೂರ್ಖಾ ಅಡ್ಡ ನಿಂತಿದ್ದ, ಪಕ್ಕದಲ್ಲಿ ಸತ್ಯಮೂರ್ತಿ. ನನಗೆ ಹೆದರಿಕೆಯಾಯಿತು. ಆದರೂ ನಾನು ಮುದ್ದೇಬಿಹಾಳದ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಕೂಗಿದೆ:

"ಪರಪ್ಪಣ್ಣಾ! ರೊಟ್ಟಿ ಆರಾಕ ಹತ್ತ್ಯಾವು!"

ಪರಪ್ಪ ಲೇಥ್ ಮೇಲೆ ಕೆಲಸ ಮಾಡುವವನು, ತಾಳಿಕೋಟಿಯ ಕಡೆಯವನು, ನಮ್ಮನ್ನು ಮೊದಲು ಹುಡುಕಿಕೊಂಡು ಬಂದವನು. ಅವನು ಕೈಯ ಗ್ರೀಸನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಗೇಟಿಗೆ ಬಂದ.

"ಪಾಸಿಲ್ಲದೆ ಹೊರಗೆ ಹೋದ್ರೆ ಅರ್ಧ ದಿನದ ಪಗಾರ ಕಟ್, ಗೊತ್ತಲ್ಲ?" ಎಂದರು ಸತ್ಯಮೂರ್ತಿ.

"ಕಡೀರಿ ಸಾಹೇಬ್ರ," ಎಂದ ಪರಪ್ಪ. "ಹಸದ ಹೊಟ್ಟೀಲೆ ದುಡದ ಪಗಾರ ತಗೊಂಡು ಏನ್ ಮಾಡ್ಲಿ?" ಅವನು ಗೂರ್ಖಾನ ಭುಜವನ್ನು ಮೆಲ್ಲಗೆ ಸರಿಸಿ, ಚಿಕ್ಕ ಬಾಗಿಲನ್ನು ದಾಟಿ, ರಸ್ತೆಗೆ ಬಂದು ಅತ್ತೆಯ ಮುಂದೆ ನಿಂತ. "ಆಯೀ, ಹಾಕು."

ಅತ್ತೆ ಸೆರಗನ್ನು ಹಿಂದಕ್ಕೆ ಸರಿಸಿ ಅವನ ಕೈಗೆ ರೊಟ್ಟಿ ಇಟ್ಟಳು. ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಮೂರ್ನಾಲ್ಕು ಮಂದಿ ಒಟ್ಟಿಗೆ. ಆಮೇಲೆ ಚಿಕ್ಕ ಬಾಗಿಲಿನಲ್ಲಿ ನುಗ್ಗಾಟ. ನಮ್ಮ ಕಡೆಯವರಷ್ಟೇ ಅಲ್ಲ, ರೊಟ್ಟಿ ಎಂದೂ ಮುಟ್ಟದ ಕೊಂಕಣದವರು, ಒಬ್ಬಿಬ್ಬರು ಉತ್ತರ ಭಾರತದ ಭಯ್ಯಾಗಳು ಕೂಡ ಬಂದರು. ರಸ್ತೆಯ ಬದಿಗೆ ಸಾಲಾಗಿ ಕೂತು ತಿಂದರು. ನನ್ನ ಗಂಡ ಓಡಾಡಿ ಬಡಿಸಿದರು. ಸತ್ಯಮೂರ್ತಿಯವರ ಮುಖ ಕೆಂಪಾಯಿತು. "ಗೇಟು ಹಾಕಿ!" ಎಂದರು. ಗೂರ್ಖಾ ಚಿಕ್ಕ ಬಾಗಿಲನ್ನೂ ಮುಚ್ಚಿ ಒಳಗಿನಿಂದ ಅಗಳಿ ಹಾಕಿದ.

ಯಾರೂ ತಲೆ ಎತ್ತಿ ನೋಡಲಿಲ್ಲ. ಊಟ ಮುಗಿಯಿತು. ಕೆಲಸದ ಸೈರನ್ನೂ ಆಯಿತು. ಗೇಟು ಮುಚ್ಚಿಯೇ ಇತ್ತು. ಪರಪ್ಪ ಇನ್ನೊಂದು ರೊಟ್ಟಿ ಕೇಳಿದ.

"ಸೈರನ್ ಆತಲ್ಲೋ," ಎಂದೆ.

"ಬಾಗಲಾ ಅವರ ಹಾಕ್ಯಾರಲ್ಲಬೇ. ನಾವೇನ್ ಗ್ವಾಡಿ ಹಾರೂಣೇನು? ಚಟ್ನಿನೂ ಹಾಕು."

ಒಳಗೆ ಯಂತ್ರಗಳ ಸದ್ದು ಶುರುವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಫೋರ್‌ಮನ್ ಓಡುತ್ತ ಬಂದು, ಗೇಟನ್ನು ಮುಚ್ಚಿದ್ದು ಯಾರು, ಲೇಥ್ ಎಲ್ಲ ಖಾಲಿ ನಿಂತಿವೆ ಎಂದು ಹಿಂದಿಯಲ್ಲಿ ಕಿರುಚಾಡಿದ. ಗೂರ್ಖಾ ಸತ್ಯಮೂರ್ತಿಯವರ ಮುಖ ನೋಡಿದ. ಸತ್ಯಮೂರ್ತಿ ನೆಲ ನೋಡಿದರು. ಚಿಕ್ಕ ಬಾಗಿಲಲ್ಲ, ದೊಡ್ಡ ಗೇಟೇ ಎರಡೂ ಕಡೆಗೆ ತೆರೆಯಿತು. ಗಂಡಸರು ಕೈ ತೊಳೆದು, ಬಾಯಿ ಒರೆಸಿಕೊಂಡು, ಅವಸರವಿಲ್ಲದೆ ಒಳಗೆ ನಡೆದರು.

ನಾವು ಪಾತ್ರೆ ಕಟ್ಟುತ್ತಿದ್ದಾಗ ಸತ್ಯಮೂರ್ತಿ ರಸ್ತೆ ದಾಟಿ ಬಂದರು. ಅತ್ತೆಯ ಕಡೆ ನೋಡದೆ ನನ್ನೊಡನೆ ಮಾತಾಡಿದರು. "ನೋಡಮ್ಮ, ಇದೆಲ್ಲ ರಸ್ತೆಯಲ್ಲಿ ಚೆನ್ನಾಗಿರೋಲ್ಲ. ನಾಳೆಯಿಂದ ಗಾಡಿ ಒಳಗೇ ತನ್ನಿ. ಆದ್ರೆ ಹಿಂದಿನ ಗೇಟಿಂದ. ಮತ್ತೆ ಆ ಕಿತ್ತಳೆ ಬಣ್ಣದ ಮೇಲೆ ಒಂದು ಕೈ ಕಪ್ಪು ಬಳಿಸಿಬಿಡಿ, ನೋಡೋಕೆ ಒಂಥರಾ ಇದೆ."

ನನ್ನ ಗಂಡ ನನ್ನ ಮುಖ ನೋಡಿದರು. ಒಪ್ಪಿಕೋ ಎಂದು ಅವರ ಕಣ್ಣು ಹೇಳುತ್ತದೆ ಎಂದುಕೊಂಡಿದ್ದೆ. ಹೇಳಲಿಲ್ಲ. ಅವರು ತೇಪೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಬಣ್ಣಾ ಬಳಿಯೂದಿಲ್ರಿ," ಎಂದೆ. "ಒಳಗೂ ಬರೂದಿಲ್ಲ. ನಾಳೆನೂ ಇಲ್ಲೇ ಬರ್ತೀವಿ, ರಸ್ತೇಕ. ನೀವು ಗೇಟ್ ತಗದ ಇಡ್ರಿ, ಅಷ್ಟ ಸಾಕು."

ಅವರು ತಿರುಗಿ ಹೋದರು. ಮರುದಿನ ನಾವು ಹೋಗಿ ಮುಟ್ಟಿದಾಗ ಸೈರನ್ ಇನ್ನೂ ಆಗಿರಲಿಲ್ಲ. ಗೇಟು ತೆರೆದಿತ್ತು.